ಮುಳ್ಳುಚೆಂಡಿನ ಮೊಟ್ಟೆಗಳು

ಮಂಗಳವಾರ, ಮಧ್ಯಾಹ್ನ
ಲ್ಯಾಬಿನ ತೊಟ್ಟಿಯ ಪಕ್ಕದ ಸ್ಟೂಲಿನಿಂದ

ನನ್ನ ಸಿಡುಕಿ ಮಗಳಿಗೆ,

ಇವತ್ತು ಶುರುಮಾಡಿದ ನಾಲ್ಕನೇ ಕಾಗದ ಇದು. ಕೂತರೆ ನಿಲ್ಲಬೇಕು ಅನಿಸುತ್ತದೆ, ನಿಂತರೆ ಕೂರಬೇಕು ಅನಿಸುತ್ತದೆ. ಶುಕ್ರವಾರ ನೀನು ಪರೀಕ್ಷಕರ ಮುಂದೆ ನಿಂತು ಪ್ರಬಂಧ ಮಂಡಿಸುವ ಮೊದಲು ಇದು ನಿನ್ನ ಕೈ ಸೇರಬೇಕು. ನೀನೀಗ ಲ್ಯಾಬಿಗೆ ಬರುವುದಿಲ್ಲ, ಫೋನಿನಲ್ಲಿ ಹೇಳೋಣವೆಂದರೆ "ಬೇಗ ಹೇಳಮ್ಮಾ, ಕೆಲಸ ಇದೆ" ಅನ್ನುತ್ತೀಯ, ನನ್ನ ಬಾಯಿ ಕಟ್ಟಿಹೋಗುತ್ತದೆ.

ಊಟ ಸರಿಯಾಗಿ ಮಾಡುತ್ತಿದ್ದೀಯಾ? ಹಾಸ್ಟೆಲ್ ರೂಮಿನಲ್ಲಿ ಗಾಳಿ ಆಡುತ್ತದೆಯೇ? ಸರಿ, ಬಿಡು. ಸುತ್ತಿ ಬಳಸಿ ಹೇಳುವುದು ಬೇಡ.

ಮೊಟ್ಟೆ ಎರಡಾಗಿ, ನಾಲ್ಕಾಗಿ, ಕೊನೆಗೊಂದು ಪುಟ್ಟ ಚೆಂಡಾಗುತ್ತದೆ, ಆ ಚೆಂಡಿನ ಒಂದು ಕಡೆ ಗುಳಿ ಬೀಳುತ್ತದೆ ಎಂದು ನನಗೆ ಹೇಳಿಕೊಟ್ಟವಳು ನೀನೇ. ಹುಳ, ಬಸವನಹುಳು, ಏಡಿಗಳಲ್ಲಿ ಆ ಗುಳಿ ಬಾಯಾಗುತ್ತದೆ. ನಕ್ಷತ್ರಮೀನು, ಮೈತುಂಬ ಮುಳ್ಳಿರುವ ಸೀ ಅರ್ಚಿನ್, ಹಸು, ನಾವು, ನಮ್ಮಲ್ಲೆಲ್ಲ ಅದು ಹಿಂಬದಿಯ ದ್ವಾರ, ಬಾಯಿ ಆಮೇಲೆ. ಪ್ರಾಣಿಗಳನ್ನು ಎರಡು ದೊಡ್ಡ ಬಣ ಮಾಡಿದ್ದು ಈ ಗುಳಿ ನೋಡಿಯೇ ಎಂದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಹಾಗಾದರೆ ನಿಮ್ಮ ಗೈಡ್ ಮೇಡಂಗೂ ಮೊದಲು ಆಗಿದ್ದು ಅದೇನಾ ಎಂದು ಕೇಳಿದ್ದಕ್ಕೆ ನೀನು ಮುಖ ಸಿಂಡರಿಸಿದ್ದೆ. ನಿನ್ನ ಪ್ರಬಂಧವೆಲ್ಲ ನಿಂತಿರುವುದು ನೀನು ಲ್ಯಾಬಿನಲ್ಲಿ ಸಾಕಿದ ಕೆಂಪು ಕಡಲಹುಳದ ಗುಳಿಯ ಮೇಲೆ. ಅದು ಬಾಯಾಗದೆ ಹಿಂಬದಿಯಾಯಿತು, ಈ ಹುಳ ನಮ್ಮ ಬಣಕ್ಕೆ ಹತ್ತಿರ ಎಂದು ಬರೆದಿದ್ದೀಯ.

ಅದು ನಿನ್ನ ಹುಳವಲ್ಲ, ಮಗಳೇ.

ಒಂಬತ್ತು ತಿಂಗಳ ಹಿಂದೆ, ಆ ಬುಧವಾರ, ಬಟ್ಟಲುಗಳ ನೀರು ಬದಲಿಸುವಾಗ ಸಮುದ್ರದ ನೀರಿನ ಕ್ಯಾನ್ ಅಂದುಕೊಂಡು ನಲ್ಲಿ ನೀರಿನ ಕ್ಯಾನ್ ಎತ್ತಿಕೊಂಡೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಆಗದ ತಪ್ಪು. ಮೈಕ್ರೋಸ್ಕೋಪಿನಲ್ಲಿ ಇಣುಕಿದರೆ ನಿನ್ನ ಮೊಟ್ಟೆಗಳೆಲ್ಲ ಉಬ್ಬಿ ಒಡೆದಿದ್ದವು. ಎರಡು ವರ್ಷ ಏನೂ ಕೈಗೂಡಿರಲಿಲ್ಲ, ಹುಳಗಳು ಮೊಟ್ಟೆಯಿಡುವ ಕಾಲವೂ ಮುಗಿದಿತ್ತು. "ಈ ಸಲಾನೂ ಹೋದ್ರೆ ಎಲ್ಲಾ ಬಿಟ್ಟು ಮನೇಲಿ ಕೂತ್ಕೋತೀನಿ" ಎಂದು ನೀನು ಹಿಂದಿನ ದಿನವಷ್ಟೇ ಅಂದಿದ್ದೆ. ಪಕ್ಕದ ಬಟ್ಟಲಿನಲ್ಲಿ ಮೊದಲ ವರ್ಷದವರ ಪಾಠಕ್ಕೆಂದು ಸೀ ಅರ್ಚಿನ್ ಮೊಟ್ಟೆಗಳನ್ನು ಇಟ್ಟಿದ್ದರು. ನಾನು ಮುಳ್ಳುಚೆಂಡು ಅನ್ನುತ್ತೇನಲ್ಲ, ಅದೇ. ನನ್ನ ಕಣ್ಣಿಗೆ ಎರಡೂ ಒಂದೇ ಥರದ ಚೆಂಡುಗಳು. ನಿನ್ನ ಬಟ್ಟಲು ತೊಳೆದು ಸಮುದ್ರದ ನೀರು ತುಂಬಿ, ಅವನ್ನು ಪಿಪೆಟ್ಟಿನಿಂದ ಹೀರಿ ಅದಕ್ಕೆ ಬಿಟ್ಟೆ. ಸಂಜೆ ನೀನು ಬಂದ ಕೂಡಲೇ ಹೇಳಿ ಬೈಸಿಕೊಳ್ಳೋಣ, ಅಲ್ಲಿಯವರೆಗೆ ಖಾಲಿ ಬಟ್ಟಲು ನಿನ್ನ ಕಣ್ಣಿಗೆ ಬೀಳದಿರಲಿ ಎಂದಷ್ಟೇ ಅಂದುಕೊಂಡಿದ್ದೆ.

ಸಂಜೆ ನೀನು ಬರಲಿಲ್ಲ. ಮರುದಿನ ನಾನು ಬರುವಷ್ಟರಲ್ಲಿ ನೀನಾಗಲೇ ಮೈಕ್ರೋಸ್ಕೋಪಿನ ಮುಂದಿದ್ದೆ. ಓಡಿಬಂದು ನನ್ನ ಒದ್ದೆ ಕೈ ಹಿಡಿದು, ಎಲ್ಲರೆದುರಿಗೆ, "ಅಮ್ಮಾ, ಬಾ ನೋಡು, ಗುಳಿ ಹಿಂದಕ್ಕೆ ಹೋಗಿದೆ!" ಎಂದು ಕೂಗಿದೆ. ಲ್ಯಾಬಿನಲ್ಲಿ ನೀನು ಎಲ್ಲರಂತೆ ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದವಳು. ಅಟೆಂಡರ್ ಮಗಳು ಅಂತ ಯಾರಿಗೂ ಗೊತ್ತಾಗುವುದು ಬೇಡ ಎಂದು ನೀನು ಅಂದಿದ್ದೆ, ನಾನೂ ಹೂಂ ಅಂದಿದ್ದೆ. ಅವತ್ತು ಎಲ್ಲರ ಮುಂದೆ ಅಮ್ಮ ಅನ್ನಿಸಿಕೊಂಡ ಮೇಲೆ, ನಿಜ ಹೇಳುವ ಬದಲು ಮೈಕ್ರೋಸ್ಕೋಪಿನಲ್ಲಿ ಇಣುಕಿ ಹೌದು ಹೌದು ಅಂದೆ. ಸ್ವಾರ್ಥ ನನ್ನದು. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಒಂಬತ್ತು ತಿಂಗಳಾಯಿತು.

ಈಗ ಎದ್ದು ಹೋಗಿ ನಲ್ಲಿ ಬಿಗಿಮಾಡಿ ಬಂದೆ. ಅದು ಸೋರುತ್ತಿರಲಿಲ್ಲ.

ಪ್ರಬಂಧ ವಾಪಸ್ ತೆಗೆದುಕೋ. ಈ ಕಾಗದವನ್ನು ಮೇಡಂ ಕೈಗೆ ಕೊಡು. ನನ್ನ ಕೆಲಸ ಹೋದರೆ ಹೋಗಲಿ, ಮಂಡಿನೋವಿಗೆ ಈ ಮೆಟ್ಟಿಲು ಹತ್ತುವುದೂ ಸಾಕಾಗಿದೆ. ನಾಳೆ ಯಾರೋ ಅದೇ ಹುಳವನ್ನು ಸಾಕಿ ನೋಡಿ ನಿನ್ನನ್ನು ಸುಳ್ಳುಗಾತಿ ಅಂದರೆ ನಾನು ತಡೆದುಕೊಳ್ಳಲಾರೆ. ಇನ್ನೆರಡು ತಿಂಗಳಿಗೆ ಹುಳಗಳು ಮತ್ತೆ ಮೊಟ್ಟೆಯಿಡುತ್ತವೆ. ಅಷ್ಟರೊಳಗೆ ಮನಸ್ಸು ಗಟ್ಟಿಮಾಡಿಕೋ. ಬೈಯುವುದಿದ್ದರೆ ಮನೆಗೆ ಬಂದು ಎದುರಿಗೆ ನಿಂತು ಬೈಯಿ.

ನಿನ್ನ
ಅಮ್ಮ

ತಾ.ಕ.: ಇದನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಮೇಡಂಗೆ ಕಾಗದ ಕೊಡುವ ಮೊದಲು ತೆಗೆದುಬಿಡು. ಅದೇ ವಾರ ಶನಿವಾರ ಕಸ ಎತ್ತುವಾಗ ನಿನ್ನ ಮೇಜಿನ ಕೆಳಗೆ, ಚಿತ್ರ ಬರೆಯುವ ನಿನ್ನ ಪುಸ್ತಕದಿಂದ ಕಿತ್ತ ಹಾಳೆಯೊಂದು ಸಿಕ್ಕಿತು. ಮೂರನೇ ದಿನದ ಮರಿಯ ಚಿತ್ರ, ಕಡ್ಡಿಯಂಥ ಉದ್ದುದ್ದ ಕೈಗಳು, ಕೆಳಗೆ ತಾರೀಖು. ಹುಳದ ಮರಿಗೆ ಅಂಥ ಕೈಗಳಿರುವುದಿಲ್ಲ, ಅದು ಮುಳ್ಳುಚೆಂಡಿನ ಮರಿ ಎಂದು ಬಟ್ಟಲು ತೊಳೆಯುವ ನನಗೇ ಗೊತ್ತು. ಆ ಹಾಳೆಯನ್ನು ಸುಟ್ಟುಹಾಕಿದ್ದೇನೆ. ಮೇಡಂ ಕೇಳಿದರೆ, ಅಮ್ಮನ ಕಾಗದ ಓದುವವರೆಗೆ ನನಗೇನೂ ಗೊತ್ತಿರಲಿಲ್ಲ ಎಂದು ಹೇಳು.