ನನ್ನ ಗಂಡನ ಮುಖವನ್ನು ಜಾಹೀರಾತಿನಿಂದ ತೆಗೆಯಿರಿ

ಚುನಾವಣಾ ಚರ್ಚೆಗಳಿಗೆ ಅಂಕ ಹಾಕಿಸುವ ಟಿವಿ ವಾಹಿನಿಯ ಮುಖ್ಯಸ್ಥರೇ,

ನನ್ನ ಗಂಡ ಒಬ್ಬ ಅಭ್ಯರ್ಥಿಯ ಮಾತುಗಾರಿಕೆಗೆ ಅಂಕ ಕೊಟ್ಟರೇ ಹೊರತು ಆತನಿಗೆ ಒಪ್ಪಿಗೆ ಕೊಡಲಿಲ್ಲ. ಆದರೂ ಇವರ ನಗುಮುಖ ಈಗ ಆತನ ಪ್ರಚಾರದ ಜಾಹೀರಾತಿನಲ್ಲಿ ಹಗಲಿಡೀ ಬರುತ್ತಿದೆ. ನಿಲ್ಲಿಸಿ ಎಂದು ಇಂಗ್ಲಿಷಿನಲ್ಲಿ ಬರೆದೆ, ಉತ್ತರವಿಲ್ಲ. ತಾವು ಓದುವುದೇ ಇಲ್ಲವೆಂದಾದರೆ ಯಾವ ಭಾಷೆಯಾದರೇನು? ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ನನಗೆ ಸಿಟ್ಟು ಸಲೀಸಾಗಿ ಬರುವ ಭಾಷೆಯಲ್ಲೇ ಬರೆಯುತ್ತಿದ್ದೇನೆ.

ತಮ್ಮ ಕಚೇರಿಗೆ ಮರೆವು ಬಲು ಅನುಕೂಲವಾದ್ದರಿಂದ ನಡೆದದ್ದನ್ನು ನೆನಪಿಸುತ್ತೇನೆ. ಅಮೆರಿಕದ ಅಧ್ಯಕ್ಷ ಪದವಿಗೆ ಪಕ್ಷದ ಹುರಿಯಾಳು ಯಾರಾಗಬೇಕೆಂದು ಈ ೧೯೯೬ರಲ್ಲಿ ಊರೂರಿನಲ್ಲಿ ವಾದ ನಡೆದಿದೆಯಷ್ಟೆ. ಲಾಸ್ ಏಂಜಲೀಸ್‌ನ ಚರ್ಚೆಗೆ ತಾವು ತೀರ್ಪುಗಾರರಾಗಿ ಕೂರಿಸಿದ ಮತದಾರರಲ್ಲಿ ನನ್ನ ಗಂಡ ನಿತ್ಯಾನಂದರೂ ಒಬ್ಬರು. ಪೌರತ್ವ ಸಿಕ್ಕ ಮೇಲೆ ಬಂದ ಮೊದಲ ಕರೆ ಅದು. ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹೋಗಿದ್ದರು. ಕೈಗೊಂದು ತಿರುಗುಗುಂಡಿ ಕೊಟ್ಟಿರಿ. ಮಾತು ಹಿಡಿಸಿದರೆ ಬಲಕ್ಕೆ, ಇಲ್ಲದಿದ್ದರೆ ಎಡಕ್ಕೆ. ಹೇಳಿದ ವಿಷಯಕ್ಕೂ ಅಂಕ ಉಂಟೋ ಎಂದು ಇವರು ಕೇಳಿದರಂತೆ. ಮಂಡನೆಗೆ ಮಾತ್ರ ಎಂದರಂತೆ ತಮ್ಮ ಸಿಬ್ಬಂದಿ.

ಕೆಟ್ಟದ್ದು ಅಲ್ಲೇ. ಇವರು ಉಡುಪಿ ಕಡೆಯವರು, ತಾಳಮದ್ದಳೆ ಕೇಳಿ ಬೆಳೆದವರು. ವೇಷವಿಲ್ಲ, ಕುಣಿತವಿಲ್ಲ; ಪುರಾಣದ ಪಾತ್ರಗಳಾಗಿ ಎದುರುಬದುರು ಕುಳಿತು ಮಾತಿನಲ್ಲೇ ಕಾಳಗ ಮಾಡುವ ಕೂಟ ಅದು. ಅಲ್ಲಿ ಕೌರವ ಚೆನ್ನಾಗಿ ವಾದಿಸಿದರೆ ಕೃಷ್ಣಭಕ್ತರೂ ತಲೆದೂಗುತ್ತಾರೆ. ಕೂಟ ಮುಗಿದರೆ ಕೌರವನೂ ಕೃಷ್ಣನೂ ಒಂದೇ ಬೆಂಚಿನಲ್ಲಿ ಚಹಾ ಕುಡಿಯುತ್ತಾರೆ, ಯಾರ ಮನೆಯೂ ಹಾಳಾಗುವುದಿಲ್ಲ. ಆ ಅಭ್ಯಾಸಬಲದಿಂದ ಇವರು ನಗುತ್ತ ತಲೆದೂಗಿ, ಗುಂಡಿಯನ್ನು ಪೂರಾ ಬಲಕ್ಕೆ ತಿರುಗಿಸಿ, ಖುಷಿಯಲ್ಲಿ ಮನೆಗೆ ಬಂದರು.

"ಎಂಥ ಮಾತುಗಾರಿಕೆ ಮಾರಾಯ್ತಿ! ಎದುರಿನವನಿಗೆ ಬಾಯಿ ತೆರೀಲಿಕ್ಕೇ ಬಿಡ್ಲಿಲ್ಲ."

"ಅದು ಸರಿ, ಹೇಳಿದ್ದೆಂಥ?" ಎಂದೆ.

ಶೂ ಬಿಚ್ಚುತ್ತಿದ್ದವರು ಹಾಗೇ ನಿಂತರು. "ಸಿಟಿಜನ್ ಅಲ್ಲದವರಿಗೆ ಸರ್ಕಾರದ ಖರ್ಚಲ್ಲಿ ಟ್ರೀಟ್‌ಮೆಂಟ್ ನಿಲ್ಲಿಸ್ಬೇಕು ಅಂತ."

ಒಳಗಿನ ಕೋಣೆಯಲ್ಲಿ ನನ್ನ ಅತ್ತೆ ಮಲಗಿದ್ದರು. ಗ್ರೀನ್ ಕಾರ್ಡಿನವರು, ಪೌರರಲ್ಲ. ಎರಡೂ ಕಿಡ್ನಿ ಹೋಗಿವೆ. ಸರ್ಕಾರಿ ಖರ್ಚಿನ ಡಯಾಲಿಸಿಸ್ ನಿಂತರೆ ಅವರು ಬದುಕುವುದಿಲ್ಲ.

ಗುಂಡಿ ತಿರುಗಿದಂತೆ ಟಿವಿ ಪರದೆಯ ಮೇಲೆ ತಾವು ಏರಿಳಿಸಿ ತೋರಿಸಿದ ಗೆರೆ ಯಾವ ಮಾತಿಗೆ ಏರಿತೆಂದು ಉಳಿದ ಅಭ್ಯರ್ಥಿಗಳೂ ನೋಡಿಕೊಂಡರು. ಮುಂದೆ ಸ್ಯಾನ್ ಡಿಯಾಗೋದ ಚರ್ಚೆಯಲ್ಲಿ, ಮೊದಲು ಹಿಂಜರಿದಿದ್ದವರೇ ಅದೇ ಮಾತನ್ನು ಇನ್ನಷ್ಟು ಗಡುಸಾಗಿ ಆಡಿದರು. ರೋಗಿಯ ಹಾಸಿಗೆ ಕಸಿಯುವವನಿಗೆ 'ದೃಢ ನಿಲುವು' ಎಂದು ಅಂಕ. ಯೋಚಿಸಬೇಕು ಎಂದವನಿಗೆ 'ತಡವರಿಕೆ' ಎಂದು ಕಡಿತ! ಕತ್ತಿಗಳ ಹೊಳಪಿಗೆ ಸ್ಪರ್ಧೆ ಇಟ್ಟು, ತೀರ್ಪಿಗೆ ಕುರಿಯನ್ನು ಕೂರಿಸಿದಿರಲ್ಲ ಸ್ವಾಮಿ? ಸಾಲದ್ದಕ್ಕೆ ಇವರು ತಲೆದೂಗಿದ ದೃಶ್ಯವನ್ನು ಪ್ರಚಾರದವರಿಗೆ ದಾನ ಮಾಡಿದಿರಿ. 'ವಲಸೆ ಬಂದವರೂ ಒಪ್ಪಿದ್ದಾರೆ' ಎಂದು ಅದರ ಕೆಳಗೆ ಬರೆದುಕೊಂಡಿದ್ದಾರೆ. ಮೊನ್ನೆ ಪಕ್ಕದ ಮನೆಯಾತ, ಇಷ್ಟು ವರ್ಷ ನಮ್ಮ ದೋಸೆ ತಿಂದು ಹೊಗಳಿದವನು, ನಿಮ್ಮ ಅತ್ತೆ ಇನ್ನೆಷ್ಟು ದಿನ ಇಲ್ಲಿರುತ್ತಾರೆ ಎಂದು ಬೇಲಿಯಾಚೆಯಿಂದ ಕೇಳಿದ. ಅದು ಕುಶಲ ವಿಚಾರಿಸುವ ಧಾಟಿಯಾಗಿರಲಿಲ್ಲ. ನನಗೆ ಹೆದರಿಕೆಯಾಯಿತು. ಇವರಂತೂ ಈಗ ಅಮ್ಮನನ್ನು ಆಸ್ಪತ್ರೆಗೆ ಡ್ರೈವ್ ಮಾಡಿ, ಒಳಗೆ ಬರದೆ ಕಾರಿನಲ್ಲೇ ಕೂರುತ್ತಾರೆ.

ಕಳೆದ ವಾರ ಅತ್ತೆಯ ಕೈಗೆ ಸೂಜಿ ಚುಚ್ಚಿ ಯಂತ್ರ ಹಚ್ಚಿದ್ದರು. ಎದುರಿನ ಟಿವಿಯಲ್ಲಿ ಮಗ ಕಂಡ. "ನೋಡು, ನಮ್ಮ ನಿತ್ಯ!" ಎಂದು ಹಿಗ್ಗಿ, ಪಕ್ಕದ ಹಾಸಿಗೆಯ ಮೆಕ್ಸಿಕೋದ ಅಜ್ಜಿಗೆ ತೋರಿಸಿದರು. "ಮೈ ಸನ್, ಮೈ ಸನ್." ಇಂಗ್ಲಿಷ್ ತಿಳಿಯದ ಆ ಅಜ್ಜಿಯೂ ನಕ್ಕಳು. ಜೊತೆಗಿದ್ದ ಅಜ್ಜಿಯ ಮಗಳಿಗೆ ತಿಳಿಯುತ್ತಿತ್ತು. ಅವಳು ಎದ್ದು, ನಮ್ಮನ್ನೊಮ್ಮೆ ನೋಡಿ, ಹಾಸಿಗೆಗಳ ನಡುವಿನ ಪರದೆ ಎಳೆದುಬಿಟ್ಟಳು.

ಅತ್ತೆಯ ನಗು ಹಾಗೇ ನಿಂತಿತು. "ರಾಜೀವಿ, ಅಂವ ಎಂಥ ಹೇಳಿದ್ದು?" ಎಂದರು.

ನಾನೆದ್ದು ಟಿವಿ ಆರಿಸಿದೆ. ಇವತ್ತಿಗೂ ಕೇಳುತ್ತಲೇ ಇದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಜಾಹೀರಾತನ್ನು ಈ ಕೂಡಲೇ ನಿಲ್ಲಿಸಿ. ಇವರು ಒಪ್ಪಿರಲಿಲ್ಲವೆಂದು, ಜಾಹೀರಾತು ಬಂದಷ್ಟೇ ಸಲ ಟಿವಿಯಲ್ಲಿ ಹೇಳಿ. ಆಗದೆಂದರೆ ತಾವೇ ಆಸ್ಪತ್ರೆಗೆ ಬನ್ನಿ, ಅತ್ತೆಯ ಹಾಸಿಗೆಯ ಪಕ್ಕ ಕುರ್ಚಿ ಹಾಕಿಸುತ್ತೇನೆ. ಅವರ ಮಗ ಯಾವುದಕ್ಕೆ ತಲೆದೂಗಿದ್ದಾನೆಂದು ತಾವೇ ಅವರಿಗೆ ಹೇಳಿ. ಕನ್ನಡಕ್ಕೆ ನಾನು ತಿರುಗಿಸುತ್ತೇನೆ.

ಇಂತಿ,
ಅತ್ತೆಗೆ ಇನ್ನೂ ಉತ್ತರ ಹೇಳದ ಸೊಸೆ,
ರಾಜೀವಿ ನಿತ್ಯಾನಂದ
ಡೈಮಂಡ್ ಬಾರ್