ಅಮ್ಮನ ಅಂಗೈ ಮೇಲಿನ ಬೆಳಕು

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಹಡಗಿನ ಊಟ ಹೊಟ್ಟೆಗೆ ಒಗ್ಗಿತೇ? ನಾವು ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ. ನಾಳೆ ಅಮ್ಮನ ದವಡೆಯ ಆಪರೇಷನ್. ಗಡ್ಡೆಯ ಜೊತೆ ಮೂಳೆಯನ್ನೂ ತೆಗೆಯುತ್ತಾರಂತೆ. ಮುಖ ಮೊದಲಿನಂತೆ ಇರುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ನೀನು ಬಂದರು ಮುಟ್ಟಿ ಈ ಕಾಗದ ಒಡೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಅವಳಿಗೆ ಬಾಯಿ ತೆರೆಯಲಾಗುವುದಿಲ್ಲ, ಸ್ಲೇಟಿನಲ್ಲೇ ಮಾತು. ಬೆಳಿಗ್ಗೆ ಬರೆದಳು: “ಅಪ್ಪನ ಕ್ಯಾಮೆರಾದಲ್ಲಿ ನಂದೊಂದು ಫೋಟೋ ತೆಗಿ. ನಿಮ್ಮಣ್ಣಂಗೆ ಈ ಮುಖಾನೇ ಗೊತ್ತಿರೋದು.” ಅಪ್ಪ ಇದ್ದಾಗ ತಮ್ಮ ಸ್ಟುಡಿಯೋದಲ್ಲಿ ಫೋಟೋ ತೆಗೆಯಲು ಕಲಿಸಿದ್ದು ನಿನಗೆ. ನನ್ನನ್ನು ಕತ್ತಲೆಕೋಣೆಯಲ್ಲಿ ಫಿಲ್ಮ್ ತೊಳೆಯಲು ಕೂರಿಸಿದರು. ಈಗ ನೋಡು, ನೀನು ನೀರಿನ ಮೇಲೆ, ನಾನು ಅಮ್ಮನ ಮುಂದೆ. ಸಿಟ್ಟು ಬರದೆ ಇರುತ್ತದೆಯೇ?

ಕಿಟಕಿಯ ಬಿಳಿ ಪರದೆಯ ಮುಂದೆ ಕೂರಿಸಿ ಬೆಳಕಿನ ಮೀಟರ್ ಹಿಡಿದೆ. ಮುಳ್ಳು ಚಂಗನೆ ಮೇಲೆ ಹೋಯಿತು. ಇಷ್ಟೊಂದು ಬೆಳಕಾ ಎಂದು ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಿ ಒಂದೇ ಸಮನೆ ಕ್ಲಿಕ್ಕಿಸಿದೆ. ಅಮ್ಮ ಮತ್ತೆ ಮತ್ತೆ ಅಂಗೈ ಚಾಚುತ್ತಿದ್ದಳು. ನೋವಿಗೆ ಸಾಕು ಎನ್ನುತ್ತಿದ್ದಾಳೆಂದುಕೊಂಡು, “ಆಯ್ತಮ್ಮಾ, ಆಯ್ತು” ಎಂದು ಇನ್ನಷ್ಟು ಅವಸರ ಮಾಡಿದೆ. ಕೊನೆಗೆ ಎದ್ದು ಬಂದು, ಮೀಟರನ್ನು ಕಿತ್ತುಕೊಂಡು ತನ್ನ ಅಂಗೈಗೇ ಹಿಡಿದಳು. ಮುಳ್ಳು ಪಾತಾಳಕ್ಕಿಳಿಯಿತು. ಆಗ ನೆನಪಾಯಿತು. ಸ್ಟುಡಿಯೋದಲ್ಲಿ ಅಪ್ಪ ಬೆಳಕು ಅಳೆಯುತ್ತಿದ್ದದ್ದೇ ಅಮ್ಮನ ಅಂಗೈ ಮೇಲೆ! “ಮುಖದ ಪಕ್ಕ ಹಿಡಿಯೇ, ಅಲ್ಲಾಡ್ಬೇಡ” ಎನ್ನುತ್ತಿದ್ದರಲ್ಲ. ನಾನು ಅಳೆದದ್ದು ಅವಳ ಬೆನ್ನ ಹಿಂದಿನ ಪರದೆಯ ಬೆಳಕನ್ನು, ಮುಖದ ಮೇಲಿನದನ್ನಲ್ಲ. ತೆಗೆದದ್ದರಲ್ಲೆಲ್ಲ ಮುಖ ಮಸಿಯಾಗಿರುತ್ತದೆ.

ರೀಲಿನಲ್ಲಿ ಒಂದೇ ಒಂದು ಫೋಟೋ ಉಳಿದಿತ್ತು, ಮನೆಯಲ್ಲಿ ಬೇರೆ ರೀಲಿಲ್ಲ. ಅಮ್ಮ ಮತ್ತೆ ಕೂತು ಅಂಗೈ ಹಿಡಿದಳು, ಅಳೆದೆ. ಅಂಗೈ ಮುಖಕ್ಕಿಂತ ಬಿಳುಪು, ಕಿಂಡಿ ಒಂದು ಗೆರೆ ಹೆಚ್ಚು ತೆರೆಯಬೇಕೆಂದು ಬೆರಳೆತ್ತಿ ತೋರಿಸಿದಳು. ಕಣ್ಣಲ್ಲಿ ನೀರು ತುಂಬಿ ನನಗೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಒತ್ತಿದೆ. ತೊಳೆದ ಫಿಲ್ಮ್ ಈಗ ಒಣಗುತ್ತಿದೆ, ಎತ್ತಿ ನೋಡಲು ಧೈರ್ಯ ಸಾಲುತ್ತಿಲ್ಲ.

ಮೈ ಕಡೆ ಜೋಪಾನ. ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ, ಅಮ್ಮನ ಆಶೀರ್ವಾದದ ಜೊತೆ ಅಪ್ಪಣೆಯೂ ಇದೆ.

ನಿನ್ನ ತಂಗಿ

ತಾ.ಕ.: ಈಗಷ್ಟೇ ಪ್ರಿಂಟ್ ಹಾಕಿದೆ. ಮೊದಲಿನವೆಲ್ಲ ಕಪ್ಪು. ಕೊನೆಯದರಲ್ಲಿ ಅಮ್ಮನ ಕಣ್ಣು, ಹುಬ್ಬಿನ ಮೇಲಿನ ಮಚ್ಚೆ ಎಲ್ಲ ಅಚ್ಚುಕಟ್ಟಾಗಿ ಬಂದಿದೆ. ಆದರೆ ಅಂಗೈ ದವಡೆಗೆ ಅಡ್ಡ ಬಂದಿದೆ! ಕೈ ಇಳಿಸು ಎನ್ನುವುದನ್ನೇ ಮರೆತೆನೆಂದು ಅಳುತ್ತಾ ತೋರಿಸಿದೆ. ಅವಳು ಸ್ಲೇಟಿನಲ್ಲಿ ಬರೆದಳು: “ನಾನೇ ಅಡ್ಡ ಹಿಡಿದೆ. ಊದಿದ್ದು ಅವನಿಗ್ಯಾಕೆ ಕಾಣ್ಬೇಕು?” ಫೋಟೋ ಇದರೊಳಗಿದೆ. ಮನೆಗೆ ಬಂದ ದಿನ ಅವಳೆದುರು ಬೆಚ್ಚಿಬೀಳಬೇಡ, ಅಣ್ಣಾ.