ಕಿವಿಯ ಹಿಂದಿನ ಕಾಳು

ಗಜೇಂದ್ರಗಡ ಕ್ಯಾಂಪು, ಬಣ್ಣದ ಕೋಣೆ.
ಎರಡು ಸಾವಿರದ ನೂರಾ ಹದಿನೇಳನೆಯ ಇಸವಿ, ಫೆಬ್ರವರಿ ಮೂವತ್ತು, ಮಧ್ಯಾಹ್ನ.

ನಮಗಿಂತ ಒಂದು ಶತಮಾನ ಹಿಂದೆ ಉಸಿರಾಡುತ್ತಿರುವ ಮಹಾಜನರೇ, ತಾಯಂದಿರೇ, ಮುಂದೆ ಕುರ್ಚಿ ಹಿಡಿದವರೇ, ಹಿಂದೆ ಚಾಪೆ ಹಾಸಿಕೊಂಡವರೇ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಮನೆಯ ಪ್ರತಿಯೊಂದು ವಸ್ತುವೂ ತಿಂಗಳ ಬಾಡಿಗೆಯದು. ಫೆಬ್ರವರಿ ಒಂದೇ ಗಿಡ್ಡಾಗಿ ನಿಂತು ಲೆಕ್ಕ ಕೆಡಿಸುತ್ತದೆಂದು ವಸ್ತುಗಳ ಒಡೆಯರು ಅದಕ್ಕೂ ಮೂವತ್ತು ದಿನ ತುಂಬಿಸಿದರು. ಸೂರ್ಯನನ್ನು ಯಾರೂ ಕೇಳಲಿಲ್ಲ. ನನ್ನ ಮಾತಿನಲ್ಲಿ ನಿಮಗೆ ಗುರುತಿಲ್ಲದ ಪದಗಳು ಸುಳಿದರೆ ಕ್ಷಮಿಸಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಚನಮಲ್ಲಪ್ಪ ಬಾದವಾಡಗಿ. ನಾಟಕ ಕಂಪನಿಯಲ್ಲಿ ಹುಟ್ಟಿ, ರಾಜನಾಗಿ ಗರ್ಜಿಸಿ, ಹಲ್ಲು ಉದುರಿದ ಮೇಲೆ ಸೈಡ್ ವಿಂಗಿನ ಮರೆಯಲ್ಲಿ ನಿಂತು ಮರೆತವರಿಗೆ ಮಾತು ಎತ್ತಿಕೊಡುವ ಪ್ರಾಂಪ್ಟರ್ ಆದವನು. ಇದನ್ನು ಬರೆಯುವಾಗ ನನ್ನೆದುರು ಮೊಮ್ಮಗಳು ನೀಲಾಂಬಿಕೆ ಕೂತಿದ್ದಾಳೆ. ಇಂದು ಅವಳ ನಿಶ್ಚಯ. ಹೊರಗೆ ನಾಟಕದ ಡೇರೆಯೊಳಗೆ ಬೀಗರು ಸೇರಿದ್ದಾರೆ. ಇವಳು ಒಂದು ಮಾತು ಆಡಬೇಕು; ಅದಕ್ಕಾಗಿ ಕಾಯುತ್ತಿದ್ದೇನೆ. ಬಾಯಿ ಬಿಗಿಹಿಡಿದು ಕೂರಲು ಕೈಗೊಂದು ಕೆಲಸ ಬೇಕಾಗಿತ್ತು. ಅದಕ್ಕೇ ಈ ಕಾಗದ.

ಮೊದಲು ನಮ್ಮ ಮನೆಗಳನ್ನು ನೋಡಿ. ನಮ್ಮಲ್ಲಿ ಜಾಣೊಲೆ ಎಂಬುದಿದೆ. ಉಣ್ಣುವವರ ಮೈಯನ್ನು ಓದಿ ಹೊತ್ತುವ ಒಲೆ. ಪಕ್ಕದ ಮನೆಯ ಹುಸೇನಬಿ ಮಿರ್ಚಿ ಕರಿಯಲು ಎಣ್ಣೆ ಇಟ್ಟರೆ ಅದು ಹೊತ್ತುವುದಿಲ್ಲ. ಅವಳ ಗಂಡನ ಹೊಟ್ಟೆಯ ಉರಿ ಅವನಿಗಿಂತ ಮೊದಲೇ ಅದಕ್ಕೆ ಗೊತ್ತು. “ನಾ ಲಗ್ನ ಆಗಿದ್ದು ಅವನ್ನೋ, ನಿನ್ನೋ?” ಎಂದು ಅವಳು ದಿನಾ ಒಲೆಯ ಮೇಲೆ ಹರಿಹಾಯುತ್ತಾಳೆ. ಗಂಜಿಯ ಪಾತ್ರೆ ಇಟ್ಟಳೋ, ಒಲೆ ತಾನಾಗಿ ಹೊತ್ತಿಕೊಳ್ಳುತ್ತದೆ. ಗೋಡೆಗಳಿಗೆ ಅರಿಗೋಡೆ ಎನ್ನುತ್ತೇವೆ. ಒಂದು ಕೋಣೆಯ ಮಾತನ್ನು ಅವು ಇನ್ನೊಂದು ಕೋಣೆಗೆ ಒಯ್ಯುತ್ತವೆ. ನಾನು ಹೊರಡಬೇಕೆಂದುಕೊಳ್ಳುವ ಮೊದಲೇ ಚಪ್ಪಲಿಗಳು ಎಲೆಯಡಿಕೆ ಅಂಗಡಿಯ ಕಡೆ ಮುಖ ಮಾಡಿ ನಿಂತಿರುತ್ತವೆ. ಅವುಗಳ ಸೊಕ್ಕು ಮುರಿಯಬೇಕೆಂದು ಒಂದು ದಿನ ಬರಿಗಾಲಲ್ಲಿ ಹೊರಟು, ಹಿಂದಿನ ಓಣಿ ಹಿಡಿದು, ಎಂದೂ ಹೋಗದ ಅಂಗಡಿಯ ಮುಂದೆ ನಿಂತೆ. ಅಲ್ಲಿಯ ಹುಡುಗ ಸುಣ್ಣ ಕಡಿಮೆ ಹಚ್ಚಿದ ಎಲೆಯನ್ನು ಮಡಚಿ ಹಿಡಿದುಕೊಂಡೇ ಇದ್ದ. “ಬರ್ರಿ ಯಜಮಾನ್ರ. ಇವತ್ತ ಸಿಟ್ಟು ಮಾಡ್ಕೊಂಡು ಈ ಕಡೆ ಬರ್ತೀರಿ ಅಂತ ನಿಮ್ಮ ಚಪ್ಪಲಿ ಆಗ್ಲೇ ಹೇಳಿದ್ವು.” ಆ ಎಲೆ ಬಾಯೊಳಗೆ ಮಣ್ಣಾಯಿತು. ರಾಜನ ಪಾತ್ರದಲ್ಲಿ ಸಾವಿರ ಸಲ ಸತ್ತವನು ನಾನು, ಹೆದರಿದ್ದು ಅಂದು.

ಆದರೆ ಒಲೆ, ಗೋಡೆ, ಚಪ್ಪಲಿ ಇವೆಲ್ಲ ಸಖಿಯರ ಪಾತ್ರ. ಖಳನಾಯಕ ತೊಗರಿಕಾಳಿನಷ್ಟು ಚಿಕ್ಕವನು. ಮುನ್ನುಲಿ ಎಂದು ಅದರ ಹೆಸರು. ಕಿವಿಯ ಹಿಂದೆ ಅಂಟಿಸಿಕೊಂಡರೆ ನೀವು ಮುಂದೆ ಆಡಲಿರುವ ಮಾತನ್ನು ನಿಮಗಿಂತ ಮೊದಲು ಪಿಸುಗುಟ್ಟುತ್ತದೆ. ನೀವು ಬಳಲಿದ್ದರೆ, ತಡವರಿಸಿದರೆ, ಬಿಚ್ಚಿ ಪಕ್ಕಕ್ಕಿಟ್ಟಿದ್ದರೂ ನಿಮ್ಮದೇ ದನಿಯಲ್ಲಿ ತಾನೇ ಗಟ್ಟಿಯಾಗಿ ಆಡಿಬಿಡುತ್ತದೆ. ಅದರ ಮುತ್ತಜ್ಜ ನಿಮ್ಮ ಕೈಯಲ್ಲೇ ಇದ್ದಾನೆ. ಫೋನಿನಲ್ಲಿ “ಊಟ” ಎಂದು ಬರೆಯುವಷ್ಟರಲ್ಲಿ “ಆಯಿತಾ” ಎಂಬುದು ತಾನಾಗಿ ಬಂದು ನಿಲ್ಲುತ್ತದಲ್ಲ, ಅವನೇ. ಆಮೇಲೆ ಇಡೀ ಉತ್ತರವನ್ನೇ ಬರೆದುಕೊಟ್ಟ. ಆಮೇಲೆ ನಿಮ್ಮ ದನಿ ಕಲಿತ. ಹಬ್ಬದ ಶುಭಾಶಯ, ಸತ್ತವರ ಮನೆಗೆ ಸಮಾಧಾನ, ಹೆಂಡತಿಗೆ ಕ್ಷಮಾಪಣೆ, ಒಂದೊಂದಾಗಿ ಎಲ್ಲ ಅವನ ಪಾಲಾಯಿತು. ಯಾರೂ ಕಸಿದುಕೊಳ್ಳಲಿಲ್ಲ, ಸ್ವಾಮಿ. ನಾವೇ ಎತ್ತಿ ಕೊಟ್ಟೆವು, ಹಗುರಾಯಿತೆಂದು ನಿಟ್ಟುಸಿರು ಬಿಟ್ಟೆವು.

ಬೇರೆಯವರು ಅದಕ್ಕೆ ಮೆಲ್ಲಗೆ ಬಾಗಿದರು; ನಾವು ಕಂಪನಿಯವರು ನೇರ ಬಿದ್ದೆವು. ಏಕೆಂದರೆ ನಮ್ಮ ಮಕ್ಕಳಿಗೆ ಬಣ್ಣ ಹಚ್ಚುವ ಮೊದಲು ಕಲಿಸುವ ಪಾಠವೇ ಅದು: ವಿಂಗಿನಿಂದ ಬಂದ ಮಾತನ್ನು ತೂಗಬೇಡ, ಕಿವಿಗೆ ಬಿದ್ದದ್ದನ್ನು ನಿನ್ನದೆಂಬಂತೆ ಆಡು, ಯೋಚಿಸಿದರೆ ಪ್ರೇಕ್ಷಕ ಎದ್ದು ಹೋಗುತ್ತಾನೆ. ನೀಲಾ ಇದರಲ್ಲಿ ಎಲ್ಲರನ್ನೂ ಮೀರಿಸಿದವಳು. ನಮ್ಮ ಕಂಪನಿಯ ನಾಯಕಿ. ಅರ್ಧ ಪದ ಸಿಕ್ಕರೆ ಸಾಕು, ಕಣ್ಣೀರು ಸಮೇತ ಪೂರ್ತಿ ಮಾಡುತ್ತಾಳೆ. ಅಂಥವಳ ಕಿವಿಗೆ ಎಂದೂ ಸುಮ್ಮನಾಗದ ಪ್ರಾಂಪ್ಟರ್ ಸಿಕ್ಕರೆ ಏನಾದೀತು, ನೀವೇ ಹೇಳಿ.

ಕಳೆದ ವಾರ ಕನ್ಯೆ ನೋಡಲು ಬಂದರು. ಹುಡುಗ ಪ್ರಭುಲಿಂಗ, ರೋಣದವನು, ಕೆಟ್ಟವನಲ್ಲ. ಅವನ ಸೋದರತ್ತೆ ಫಳಾರದ ತಟ್ಟೆ ಬದಿಗಿಟ್ಟು, “ಹುಡುಗಿ ಒಪ್ಪಿಗಿ ಕೇಳ್ರೆವ್ವಾ, ಆಮ್ಯಾಲ ನಮ್ಮ ಮ್ಯಾಲ ಬರಬಾರ್ದು” ಎಂದರು. ನೀಲಾ ಕಣ್ಣು ತಗ್ಗಿಸಿ, “ನನಗ ಒಪ್ಪಿಗಿ ಐತ್ರಿ” ಎಂದಳು. ಎಲ್ಲರ ಮುಖವೂ ಅರಳಿತು. ನಾನು ಮಾತ್ರ ಅವಳ ಉಸಿರನ್ನು ನೋಡುತ್ತಿದ್ದೆ. ತನ್ನ ಮಾತಾಡುವ ನಟ ಮೊದಲು ಉಸಿರು ಎಳೆದುಕೊಳ್ಳುತ್ತಾನೆ. ವಿಂಗಿನ ಮಾತಿಗೆ ಕಾಯುವ ನಟ ಉಸಿರು ಹಿಡಿಯುತ್ತಾನೆ. ನನ್ನ ಮೊಮ್ಮಗಳು ಉಸಿರು ಹಿಡಿದಿದ್ದಳು.

ಅವರು ಹೋದ ಮೇಲೆ ಕೇಳಿದೆ, ಆ ಮಾತು ನಿನ್ನದೋ ಎಂದು. “ನನ್ನ ದನೀನ ಅಲ್ಲೇನ್ ಅಜ್ಜಾ?” ಎಂದಳು. ದನಿ ನಿನ್ನದು, ಮಾತು ಯಾರದು ಎಂದೆ. ಅವಳು ನಕ್ಕಳು. “ನಾ ನಾಳೆ ಏನ್ ಅಂತೀನಿ ಅಂತ ಅದಕ್ಕ ಇವತ್ತ ಗೊತ್ತಿರ್ತೈತಿ. ಅದು ಎಂದಾದ್ರೂ ತಪ್ಪೇತೇನು?” ಸೊಸೆ ಇಂದುಮತಿ ಒಳಗಿನಿಂದಲೇ, “ಮಾವಾರ, ನಾಟಕ ಮಾಡಬ್ಯಾಡ್ರಿ, ಛಲೋ ಮನಿತನ ಐತಿ” ಎಂದಳು. ಜೀವಮಾನವಿಡೀ ಅದನ್ನೇ ಮಾಡಿ ಉಂಡವನಿಗೆ ಎಂಥ ಬೈಗುಳ ನೋಡಿ.

ಅದಕ್ಕೆ ಇಂದು, ಶಾಸ್ತ್ರ ಶುರುವಾಗುವ ಮೊದಲು, ನೀಲಾಳನ್ನು ಈ ಬಣ್ಣದ ಕೋಣೆಗೆ ಕರೆತಂದೆ. ಹಳೆಯ ಮರದ ಹಲಗೆಯ ಕೋಣೆ, ಅರಿಗೋಡೆ ಇಲ್ಲ. ಮುನ್ನುಲಿಯನ್ನು ಬಿಚ್ಚಿಸಿ ಕನ್ನಡಿಯ ಮುಂದಿನ ಮೇಜಿನ ಮೇಲೆ ಇಡಿಸಿದೆ. ಒಂದೇ ಪ್ರಶ್ನೆ ಕೇಳಿದೆ: “ಪ್ರಭುಲಿಂಗನ್ನ ಲಗ್ನ ಆಗೋದು ನಿನಗ ಬೇಕೇನವ್ವಾ?” ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಬೆರಳು ಕಿವಿಯ ಹಿಂದಿನ ಬರಿದಾದ ಜಾಗವನ್ನು ತಡವಿತು. ಆಮೇಲೆ, ಮಹಾಜನರೇ, ರಂಗದ ಮೇಲೆ ತಡವರಿಸಿದವರು ವಿಂಗಿನ ಕಡೆ ತಿರುಗುವಂತೆಯೇ ನನ್ನ ಕಡೆ ತಿರುಗಿ, ಪಿಸುದನಿಯಲ್ಲಿ ಕೇಳಿದಳು: “ಅಜ್ಜಾ, ಈಗ ನಾ ಏನ್ ಅನ್ನಬೇಕು?”

ನನ್ನ ನಾಲಿಗೆಯ ತುದಿಯಲ್ಲಿ ಮಾತು ಸಿದ್ಧವಿತ್ತು. ಬ್ಯಾಡ ಅನ್ನು ಮಗಳೇ. ಅಂದರೆ ಸಾಕು, ಅನ್ನುತ್ತಾಳೆ, ಕಣ್ಣೀರು ಸಮೇತ. ಆಗ ನಾನೂ ಒಂದು ಕಾಳಾಗುತ್ತೇನೆ, ಅಷ್ಟೆ. ತುಟಿ ಬಿಗಿದು ಪೆನ್ನು ಹಿಡಿದೆ. ಅವಳು ಕೂತಿದ್ದಾಳೆ. ಉಸಿರು ಹಿಡಿದೇ ಇದ್ದಾಳೆ. ನನಗಿರುವ ಭಯ ಅವಳು ಹೌದೆನ್ನುತ್ತಾಳೆಂದಲ್ಲ, ಇಲ್ಲವೆನ್ನುತ್ತಾಳೆಂದೂ ಅಲ್ಲ. ಒಳಗೆ ಹುಡುಕಿದರೆ ಅಲ್ಲಿ ಯಾರೂ ಇಲ್ಲದಿದ್ದರೆ?

ನಿಮ್ಮಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಬೆರಳ ಮುಂದೆ ಬಂದು ನಿಲ್ಲುವ ಆ ಸಿದ್ಧ ಪದವನ್ನು ಇವತ್ತು ಒಮ್ಮೆ ಅಳಿಸಿ, ನಿಮ್ಮದನ್ನು ಬರೆಯಿರಿ. ತಪ್ಪಾಗಲಿ, ಒರಟಾಗಲಿ, ತಡವಾಗಲಿ. ಮಕ್ಕಳು ಉತ್ತರಕ್ಕೆ ತಡವರಿಸಿದರೆ ತುಂಬಿಸಿಕೊಡಬೇಡಿ. ಆ ತಡವರಿಕೆಯನ್ನು ಕಾಯಿರಿ. ನಮ್ಮಲ್ಲಿ ಅದು ಸತ್ತುಹೋಯಿತು.

ತಾಳಿ. ಬಾಗಿಲ ಹೊರಗಿನಿಂದ ಇಂದುಮತಿ ಕೂಗಿದಳು: “ನೀಲಾ, ಬಾರವ್ವಾ, ಎಲ್ಲಾರೂ ಕಾಯಾಕತ್ತಾರ.” ನೀಲಾ ತುಟಿ ಅಲ್ಲಾಡಿಸುವ ಮೊದಲೇ ಮೇಜಿನ ಮೇಲಿನ ಕಾಳು ಅವಳ ದನಿಯಲ್ಲಿ ಉತ್ತರಿಸಿತು: “ಬಂದ್ನಿ ಅವ್ವಾ. ನನಗ ಒಪ್ಪಿಗಿ ಐತಿ.” ಡೇರೆಯಲ್ಲಿ ಚಪ್ಪಾಳೆ ಬಿತ್ತು.

ನೀಲಾ ಆ ಕಾಳನ್ನೇ ನೋಡಿದಳು. ನಟಿಯೊಬ್ಬಳ ಸರದಿಯ ಮಾತನ್ನು ಬೇರೊಬ್ಬರು ಕಸಿದರೆ ಬರುವ ನೋಟವದು. ಕಂಪನಿಯಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿಲ್ಲ. ಎದ್ದಳು. ಕಾಳನ್ನು ಮುಟ್ಟಲಿಲ್ಲ, ನನ್ನನ್ನೂ ನೋಡಲಿಲ್ಲ. ಬಾಗಿಲು ತೆರೆದು ರಂಗದ ಕಡೆ ನಡೆದುಹೋದಳು.

ಮೇಜಿನ ಮೇಲೆ ಕಾಳು ಈಗಲೂ ಪಿಸುಗುಟ್ಟುತ್ತಿದೆ. ಅವಳು ಮುಂದೆ ಏನೆನ್ನುತ್ತಾಳೆಂಬುದನ್ನು, ಅವಳದೇ ದನಿಯಲ್ಲಿ. ಬಾಗಿದರೆ ನನಗೆ ಕೇಳುತ್ತದೆ. ಬಾಗಲಿಲ್ಲ. ಬಣ್ಣದ ಡಬ್ಬಿಯನ್ನು ಅದರ ಮೇಲೆ ಬೋರಲು ಹಾಕಿದ್ದೇನೆ.

ಹೊರಗೆ ಚಪ್ಪಾಳೆ ನಿಂತಿದೆ. ಅವಳಿನ್ನೂ ಬಾಯಿ ತೆರೆದಿಲ್ಲ.

ನಿಮಗಿಂತ ಬಹಳ ಮುಂದಿನವನು,
ಚನಮಲ್ಲಪ್ಪ